ಜಮಖಂಡಿ ಪುರಸಭೆಯಿಂದ ದಿಲ್ಲಿ ಗದ್ದುಗೆಗೆ: ಜತ್ತಿಯವರು ಸಹಿ ಹಾಕದ ಆ ಒಂದು ರಾತ್ರಿ

ಪುರಸಭೆಗೆ ಆರಿಸಿ ಬಂದವರಿಗೆ ಊರ ಮಂದಿ ಒಪ್ಪಿಸುವ ಕೆಲಸ ಎಂಥದು ಅಂತ ಬಜಾರದಲ್ಲಿ ಅಂಗಡಿ ಇಟ್ಟವರಿಗೆ ಬೇರೆ ಹೇಳಬೇಕಾಗಿಲ್ಲ. ನಳಕ್ಕೆ ನೀರು ಬಂದಿಲ್ಲ, ಗಟಾರ ತುಂಬಿ ಹರೀತಿದೆ, ಕಂಬದ ದೀಪ ಹತ್ತಿಲ್ಲ, ಅಂಗಡಿ ಮುಂದಿನ ಕಸ ಮೂರು ದಿನದಿಂದ ಅಲ್ಲೇ ಬಿದ್ದಿದೆ. ಮೆಂಬರು ಬೀದಿಗೆ ಬಂದರೆ ಇದೇ ಮಾತು, ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತು. ಇಂಥ ದೂರುಗಳ ನಡುವೆ ರಾಜಕೀಯದ ಓನಾಮ ಕಲಿತ ಒಬ್ಬ ವಕೀಲರ ಮುಂದೆ 1977ರ ಏಪ್ರಿಲ್ 29ರಂದು ದಿಲ್ಲಿಯಲ್ಲಿ ಒಂದು ಕಡತ ಬಂದು ಕೂತಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಒಂದೇ ಏಟಿಗೆ ವಿಸರ್ಜಿಸುವ ಕಡತ ಅದು. ಕೇಂದ್ರ ಸಂಪುಟ ಶಿಫಾರಸು ಮಾಡಿ ಆಗಿತ್ತು. ಇನ್ನು ಬೇಕಾದದ್ದು ಒಂದು ಸಹಿ.

ಆ ಸಹಿ ಅಂದು ಬೀಳಲಿಲ್ಲ. ಬಿದ್ದದ್ದು ಮರುದಿನ.

ಹೆಚ್ಚುಕಡಿಮೆ ಒಂದು ದಿನದ ತಡ, ಅಷ್ಟೇ. ಆದರೆ ನಲವತ್ತು ವರ್ಷಗಳ ಸಾರ್ವಜನಿಕ ಬಾಳುವೆ ನಡೆಸಿದ ಬಿ.ಡಿ. ಜತ್ತಿಯವರ ಹೆಸರು ದಿಲ್ಲಿಯ ಮಂದಿಗೆ ನೆನಪಿರುವುದು ಆ ತಡದಿಂದಲೇ. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ಇವತ್ತಿಗೂ ಮಸಿ ಆರಿಲ್ಲ. ನಮ್ಮ ಕಡೆಯವರು ಎಂಬ ಅಭಿಮಾನ ಒಂದು ಕಡೆಗಿಟ್ಟು ಆ ಲೆಕ್ಕವನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಕಿರಾಣಿ ಅಂಗಡಿಯ ಮನೆತನ

ಬಸಪ್ಪ ದಾನಪ್ಪ ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ಹಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಮನೆತನ. ಉದ್ರಿ ಕೊಟ್ಟು ವಸೂಲಿ ಆಗದೆ ಒದ್ದಾಡುವ ವ್ಯಾಪಾರ ಎಂದರೆ ಏನೆಂದು ಅಂಥ ಮನೆಯ ಹುಡುಗನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಿಜಾಪುರದಲ್ಲಿ ಹೈಸ್ಕೂಲು, ಕೊಲ್ಲಾಪುರದಲ್ಲಿ ಕಾಲೇಜು, ಅಲ್ಲೇ ಕಾನೂನು ಪದವಿ. ತಿರುಗಿ ಬಂದು ಜಮಖಂಡಿಯಲ್ಲಿ ವಕೀಲಿ ಶುರು ಮಾಡಿದರು.

ಆಗ ಜಮಖಂಡಿ ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿದ್ದಲ್ಲ. ಪಟವರ್ಧನ ಮನೆತನದ ಪುಟ್ಟ ಸಂಸ್ಥಾನ. ಈಗ ಬಾಗಲಕೋಟೆ ಜಿಲ್ಲೆಯ ತಾಲೂಕು ಪೇಟೆ ಆಗಿರುವ ಊರಿಗೆ ಆಗ ರಾಜರಿದ್ದರು, ದರಬಾರು ಇತ್ತು, ಅದರದೇ ಶಾಸನಸಭೆಯೂ ಇತ್ತು. ಜತೆಗೆ ಒಂದು ಪುರಸಭೆ. ಜತ್ತಿಯವರು 1940ರಲ್ಲಿ ಆ ಪುರಸಭೆಯ ಸದಸ್ಯರಾದರು. ಐದು ವರ್ಷ ಕಳೆದು 1945ರಲ್ಲಿ ಅದರ ಅಧ್ಯಕ್ಷರಾದರು. ವಯಸ್ಸು 33 ಮೀರಿರಲಿಲ್ಲ.

ಪುರಸಭೆ ಅಂದರೆ ಮೂಗು ಮುರಿಯುವವರು ಬಹಳ ಮಂದಿ. ಆದರೆ ಆ ಕಾಲದಲ್ಲಿ ದೊಡ್ಡ ದೊಡ್ಡವರೆಲ್ಲ ಅದೇ ಮೆಟ್ಟಿಲು ತುಳಿದವರು. ಸರದಾರ ಪಟೇಲರು 1924ರಿಂದ 1928ರ ತನಕ ಅಹಮದಾಬಾದ್ ಪುರಸಭೆಯ ಅಧ್ಯಕ್ಷರಾಗಿದ್ದರು. ಜವಾಹರಲಾಲ್ ನೆಹರೂ ಅದಕ್ಕೂ ಮೊದಲೇ ಅಲಹಾಬಾದ್ ಪುರಸಭೆಯ ಕುರ್ಚಿಯಲ್ಲಿ ಕೂತಿದ್ದರು. ಗಟಾರದ ಲೆಕ್ಕ ನೋಡಿದವರೇ ಮುಂದೆ ದೇಶದ ಲೆಕ್ಕವನ್ನೂ ನೋಡಿದರು.

ಪುರಸಭೆಯಲ್ಲಿ ಒಂದು ರೂಢಿ ಉಂಟು. ಸಭೆ ಠರಾವು ಪಾಸು ಮಾಡಿದರೆ ಅಧ್ಯಕ್ಷರು ತಮಗೆ ಹಿಡಿಸಲಿ ಬಿಡಲಿ ಅದರಂತೆ ನಡೆಯಬೇಕು. ಮನಸ್ಸಿಗೆ ಒಗ್ಗದಿದ್ದರೆ "ಮುಂದಿನ ಮೀಟಿಂಗಿನಲ್ಲಿ ಇಡೋಣ ತಡೀರಿ" ಅನ್ನಬಹುದು. ಅದಕ್ಕಿಂತ ಹೆಚ್ಚು ಜಗ್ಗಾಡಿದರೆ ಕುರ್ಚಿ ಅಲ್ಲಾಡುತ್ತದೆ. ಈ ಪಾಠ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಊರು ಬಿಟ್ಟ ಮೇಲೆ

ಸ್ವಾತಂತ್ರ್ಯ ಬಂತು. ಸಂಸ್ಥಾನದ ಶಾಸನಸಭೆಗೆ ಬಂದು, ಮಂತ್ರಿಯಾಗಿ, 1948ರಲ್ಲಿ ಜತ್ತಿಯವರು ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯೇ ಆದರು. ಆದರೆ ಆ ಪದವಿಯ ಆಯುಷ್ಯ ಬಹಳ ಸಣ್ಣದು. ಸಂಸ್ಥಾನ ವಿಲೀನವಾಗಬೇಕೆಂಬ ಕಡೆ ನಿಂತವರು ಅವರೇ. ಅರಸ ಶಂಕರರಾವ್ ಪಟವರ್ಧನರ ಜತೆ ವಿಲೀನದ ಪತ್ರಕ್ಕೆ ಅವರೂ ಸಹಿ ಹಾಕಿದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತದಲ್ಲಿ ಕೂಡಿಹೋಯಿತು. ಹೀಗೆ ಜತ್ತಿಯವರು ತಮ್ಮದೇ ಮುಖ್ಯಮಂತ್ರಿ ಕುರ್ಚಿಯನ್ನು ತಮ್ಮ ಕೈಯಾರೆ ಮುಚ್ಚಿ, ಕರಿ ಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ಹೊರಟರು. ಕುರ್ಚಿಗಾಗಿ ಪಕ್ಷ ಮುರಿಯುವ ಮಂದಿಯನ್ನು ದಿನಾ ನೋಡುವವರಿಗೆ ಇದು ಕಥೆ ಅನ್ನಿಸೀತು. ಆದರೆ ನಡೆದದ್ದು ಹೌದು.

ಸುಮಾರು 20 ತಿಂಗಳ ವಕೀಲಿ. ಆಮೇಲೆ ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣ. ಮುಖ್ಯಮಂತ್ರಿ ಬಿ.ಜಿ. ಖೇರರಿಗೆ ಪಾರ್ಲಿಮೆಂಟರಿ ಸೆಕ್ರೆಟರಿ. 1952ರ ಚುನಾವಣೆಯಲ್ಲಿ ಜಮಖಂಡಿಯಿಂದಲೇ ಗೆದ್ದು ಮುಂಬಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಆಗಿನ ಮುಖ್ಯಮಂತ್ರಿ ಯಾರು? ಮೊರಾರ್ಜಿ ದೇಸಾಯಿ! ಈ ಹೆಸರನ್ನೂ ಓದುಗರು ಬದಿಗೆ ಬರೆದಿಟ್ಟುಕೊಳ್ಳಲಿ.

1956ರಲ್ಲಿ ಕನ್ನಡ ನಾಡು ಒಂದಾಯಿತು. ಜತ್ತಿಯವರು ಬೆಂಗಳೂರಿಗೆ ಬಂದರು. ನಿಜಲಿಂಗಪ್ಪನವರ ನಂತರ 1958ರ ಮೇ 16ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಏಕೀಕರಣದ ನಂತರ ಮುಂಬಯಿ ಕರ್ನಾಟಕದ ಕಡೆಯಿಂದ ಆ ಕುರ್ಚಿ ಏರಿದ ಮೊದಲಿಗರು ಅವರೇ. 1962ರ ಮಾರ್ಚ್ ತನಕ ಆಳಿದರು.

ಆ ನಾಲ್ಕು ವರ್ಷಗಳಲ್ಲಿ ನೆನಪಿಡಬೇಕಾದ ಕೆಲಸ ಎರಡು. ಒಂದು ಭೂಸುಧಾರಣೆ. ಹೊಸ ರಾಜ್ಯ ಎಂದರೆ ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು, ಹಳೇ ಮೈಸೂರು ಹೀಗೆ ಐದು ಕಡೆಯ ತುಂಡುಗಳನ್ನು ಹೊಲಿದ ಕೌದಿ. ಒಂದೊಂದು ತುಂಡಿಗೆ ಒಂದೊಂದು ಗೇಣಿ ಕಾನೂನು. ಇವನ್ನೆಲ್ಲ ಒಂದು ಮಾಡಲು ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಆ ವರದಿಯ ಮೇಲೆ ಬಂದದ್ದೇ 1961ರ ಭೂಸುಧಾರಣಾ ಕಾಯಿದೆ. ಜಾರಿಗೆ ಬರುವ ಹೊತ್ತಿಗೆ 1965 ಆಗಿತ್ತು. ಅಷ್ಟರೊಳಗೆ ಜಾಣ ಜಮೀನುದಾರರು ಮಾಡಿಕೊಳ್ಳುವುದನ್ನೆಲ್ಲ ಮಾಡಿಕೊಂಡಿದ್ದರು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಹೊಲ ಬಿಡಿಸಿಕೊಳ್ಳಲು ಕಾಯಿದೆಯಲ್ಲೇ ದಾರಿ ಇತ್ತು. ಉಳುವವನಿಗೆ ಭೂಮಿ ಸಿಗುವ ಕಾನೂನಿಗೆ ನಿಜವಾದ ಹಲ್ಲು ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಆದರೆ ಹಲ್ಲು ಕೂಡಿಸಲು ಒಂದು ದವಡೆಯಾದರೂ ಬೇಕಲ್ಲ, ಅದನ್ನು ಕೊಟ್ಟವರು ಜತ್ತಿ.

ಇನ್ನೊಂದು ಪಕ್ಕಾ ಪುರಸಭೆಯ ಮನುಷ್ಯನ ಕೆಲಸ. 1959ರ ಗ್ರಾಮ ಪಂಚಾಯತಿ ಮತ್ತು ಲೋಕಲ್ ಬೋರ್ಡ್ ಕಾಯಿದೆ. ಹಳ್ಳಿಗೆ ಪಂಚಾಯತಿ, ತಾಲೂಕಿಗೆ ಚುನಾಯಿತ ಬೋರ್ಡು, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು. ಜಿಲ್ಲೆಯ ಪರಿಷತ್ತಿಗೆ ಮಾತ್ರ ಅಧಿಕಾರ ಇರಲಿಲ್ಲ, ಅದರ ಕುರ್ಚಿ ಡೆಪ್ಯುಟಿ ಕಮಿಷನರರದು. ಇಲ್ಲೂ ಅರ್ಧ ಕೊಟ್ಟು ಅರ್ಧ ಹಿಡಿದುಕೊಂಡ ವ್ಯವಹಾರವೇ. ಆದರೂ ತಾಲೂಕು ಬೋರ್ಡ್ ಮೆಂಬರಾಗಿ ರಾಜಕೀಯಕ್ಕೆ ಇಳಿದ ಒಂದು ತಲೆಮಾರಿಗೆ ಬಾಗಿಲು ತೆರೆದದ್ದು ಆ ಕಾಯಿದೆ.

1962ರ ನಂತರ ಹಣಕಾಸು ಮಂತ್ರಿ, ಆಮೇಲೆ ಆಹಾರ ಮಂತ್ರಿ. ಮುಖ್ಯಮಂತ್ರಿ ಆಗಿದ್ದವರು ಮತ್ತೊಬ್ಬರ ಕೈಕೆಳಗೆ ಮಂತ್ರಿಯಾಗಿ ಕೂತರು. ಮುಖ ಸಿಂಡರಿಸಲಿಲ್ಲ. 1964ರಲ್ಲಿ ಬಸವ ಸಮಿತಿ ಕಟ್ಟಿದರು. 1968ರಲ್ಲಿ ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾಕ್ಕೆ ಗವರ್ನರ್.

ಒರಿಸ್ಸಾದಲ್ಲಿ ಒಂದು ಘಟನೆ ನಡೆಯಿತು. 1973ರ ಮಾರ್ಚ್‌ನಲ್ಲಿ ನಂದಿನಿ ಸತ್ಪತಿಯವರ ಕಾಂಗ್ರೆಸ್ ಸರ್ಕಾರ ಉರುಳಿತು. ಬಿಜು ಪಟ್ನಾಯಕರ ಕಡೆಯವರು ನಮಗೆ ಬಹುಮತ ಇದೆ, ಸರ್ಕಾರ ಮಾಡಲು ಬಿಡಿ ಎಂದು ಗವರ್ನರ್ ಜತ್ತಿಯವರ ಬಾಗಿಲಿಗೆ ಹೋದರು. ಗವರ್ನರ್ ಕರೆಯಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆ ಆಯಿತು. ಪ್ರಕರಣ ಹೈಕೋರ್ಟಿನ ತನಕ ಹೋಯಿತು. ಜತ್ತಿಯವರನ್ನು ಹೊಗಳುವವರು ಈ ಪುಟವನ್ನು ಮಡಿಚಿಟ್ಟೇ ಮುಂದೆ ಹೋಗುತ್ತಾರೆ. ಮಡಿಚಬಾರದು. ವಿಧಾನಸಭೆಯೊಂದನ್ನು ಮುಗಿಸುವಾಗ ಅಂದು ಅವರಿಗೆ ಅಂಥ ಹಿಂಜರಿಕೆ ಇರಲಿಲ್ಲ.

1974ರ ಆಗಸ್ಟ್‌ನಲ್ಲಿ ಉಪ ರಾಷ್ಟ್ರಪತಿ ಚುನಾವಣೆ. ಜತ್ತಿಯವರಿಗೆ 521 ಮತ, ಎದುರಾಳಿ ಎನ್.ಇ. ಹೋರೋ ಅವರಿಗೆ 141. ಜಮಖಂಡಿ ಪುರಸಭೆಯ ಮಾಜಿ ಅಧ್ಯಕ್ಷರು ರಾಜ್ಯಸಭೆಯ ಸಭಾಪತಿಯಾದರು.

ಬಾಗಿಲಿಗೆ ಬೀಗ ಹಾಕಿದವರಾರು?

ಹತ್ತು ತಿಂಗಳಲ್ಲಿ ತುರ್ತು ಪರಿಸ್ಥಿತಿ ಬಂತು. ವಿರೋಧ ಪಕ್ಷದವರು ಜೇಲಿಗೆ ಹೋದರು, ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಆ 21 ತಿಂಗಳು ಜತ್ತಿಯವರು ಸಭಾಪತಿಯ ಪೀಠದಲ್ಲೇ ಇದ್ದರು. ಪ್ರತಿಭಟಿಸಿ ಎದ್ದು ಬಂದವರಲ್ಲ.

1976ರ ನವೆಂಬರ್‌ನಲ್ಲಿ ಸಂವಿಧಾನದ 42ನೇ ತಿದ್ದುಪಡಿ ಅದೇ ರಾಜ್ಯಸಭೆಯಲ್ಲಿ ಪಾಸಾಯಿತು. ಅದರ ನೂರೆಂಟು ಕಲಮುಗಳ ನಡುವೆ ಒಂದು ಸಣ್ಣ ಕಲಮು ಇತ್ತು: ಮಂತ್ರಿಮಂಡಲ ಕೊಟ್ಟ ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು. ಅದಕ್ಕೆ ಮೊದಲು ಅದು ರೂಢಿಯಾಗಿತ್ತು, ಈಗ ಬರೆದಿಟ್ಟ ಕಾನೂನೇ ಆಯಿತು. ತಿರುಗಿ ಕಳಿಸುವ ಹಕ್ಕು ಇಲ್ಲ, "ಮುಂದಿನ ಮೀಟಿಂಗಿಗೆ ಇಡೋಣ" ಎನ್ನುವ ಹಾಗಿಲ್ಲ. ರಾಷ್ಟ್ರಪತಿಯ ಕೋಣೆಗೆ ಬೀಗ ಬಿದ್ದದ್ದು ಜತ್ತಿಯವರು ಸಭಾಪತಿಯಾಗಿದ್ದ ಸದನದಲ್ಲಿ. ಮೂರೇ ತಿಂಗಳಲ್ಲಿ ಅದೇ ಕೋಣೆಯೊಳಗೆ ತಾವೇ ಕೂರಬೇಕಾದೀತು ಎಂದು ಅವರು ಎಣಿಸಿರಲಿಕ್ಕಿಲ್ಲ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಲೋಕಸಭೆಗೆ ಚುನಾವಣೆ ಸಾರಿಯಾಗಿತ್ತು. ಸಾವಳಗಿಯ ಬಸಪ್ಪನವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನಲ್ಲಿ ಮತ ಎಣಿಸಿದಾಗ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲೇ ಸೋತಿದ್ದರು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸ್ಥಾನವಿಲ್ಲ! ಕರ್ನಾಟಕದ ಗಾಳಿ ಬೇರೆ. ಇಲ್ಲಿ 28ರಲ್ಲಿ 26 ಕಾಂಗ್ರೆಸ್ಸಿನ ಪಾಲು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ತೆಗೆದ ಆದೇಶ ಹೊರಟದ್ದು ಜತ್ತಿಯವರ ಅಂಕಿತದಿಂದ. ಮಾರ್ಚ್ 24ರಂದು ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಎದುರಿಗೆ ನಿಂತು ಪ್ರಮಾಣ ಮಾಡಿದವರು ಮೊರಾರ್ಜಿ ದೇಸಾಯಿ. 25 ವರ್ಷದ ಹಿಂದೆ ಮುಂಬಯಿಯಲ್ಲಿ ಮುಖ್ಯಮಂತ್ರಿ ಮೊರಾರ್ಜಿ, ಉಪಮಂತ್ರಿ ಜತ್ತಿ. ಕಾಲ ಹೇಗೆ ತಿರುಗುತ್ತದೆ ನೋಡಿ. ಒರಿಸ್ಸಾದಲ್ಲಿ ಗವರ್ನರ್ ಬಾಗಿಲಿಂದ ಬರಿಗೈಯಲ್ಲಿ ಹೋಗಿದ್ದ ಬಿಜು ಪಟ್ನಾಯಕರೂ ಆ ಸಂಪುಟದಲ್ಲಿ ಉಕ್ಕು ಮಂತ್ರಿ. ಮುಂಬಯಿ ಕಾರ್ಪೊರೇಶನ್ ಮೆಂಬರಾಗಿ ಮೇಲೆ ಬಂದ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೂಡ ಅದೇ ಸಂಪುಟದಲ್ಲಿ.

ಕಡತ ಬಂದ ದಿನ

ಜನತಾ ಸರ್ಕಾರಕ್ಕೆ ಈಗ ಒಂದು ಅವಸರ. ದಿಲ್ಲಿಯಲ್ಲಿ ಕಾಂಗ್ರೆಸ್ ಸೋತಿದೆ, ಆದರೆ ರಾಜ್ಯಗಳಲ್ಲಿ ಇನ್ನೂ ಅದೇ ಕೂತಿದೆ. ಏಪ್ರಿಲ್ 18ರಂದು ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ನೀವು ಜನರ ವಿಶ್ವಾಸ ಕಳಕೊಂಡಿದ್ದೀರಿ, ನೀವಾಗಿಯೇ ವಿಧಾನಸಭೆ ವಿಸರ್ಜಿಸಲು ಗವರ್ನರರಿಗೆ ಸಲಹೆ ಕೊಡಿ ಎಂಬ ತಾತ್ಪರ್ಯ. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ್, ಹರಿಯಾಣ, ಹಿಮಾಚಲ, ಪಶ್ಚಿಮ ಬಂಗಾಳ, ಒರಿಸ್ಸಾ. ಹೊಸ ರಾಷ್ಟ್ರಪತಿಯ ಚುನಾವಣೆಯೂ ಆಗಸ್ಟ್‌ನೊಳಗೆ ಆಗಬೇಕಿತ್ತು. ಅದರಲ್ಲಿ ಶಾಸಕರ ಮತಕ್ಕೆ ತೂಕ ಉಂಟು. ಅವಸರದ ಗುಟ್ಟು ಇಲ್ಲೂ ಸ್ವಲ್ಪ ಇತ್ತು ಎಂದು ಕಾಂಗ್ರೆಸ್ಸಿಗರು ದೂರಿದರೆ ತಳ್ಳಿಹಾಕುವಂತಿರಲಿಲ್ಲ.

ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಓಡಿದವು. ಏಳು ನ್ಯಾಯಾಧೀಶರ ಪೀಠ ಏಪ್ರಿಲ್ 29ರಂದು ಎಲ್ಲ ದಾವೆಗಳನ್ನೂ ವಜಾ ಮಾಡಿತು. ಸಂಪುಟ ತಡಮಾಡದೆ ಶಿಫಾರಸು ಕಳಿಸಿತು. ಜತ್ತಿಯವರು ಕಡತ ತೆಗೆದುಕೊಂಡರು. ಸಹಿ ಹಾಕಲಿಲ್ಲ. ಯೋಚಿಸಲು ಸಮಯ ಬೇಕು ಎಂದರು.

ದಿಲ್ಲಿಯಲ್ಲಿ ಗುಲ್ಲೆದ್ದಿತು. ಹಂಗಾಮಿ ರಾಷ್ಟ್ರಪತಿ ಇಂದಿರಾ ಕಡೆಯ ಮನುಷ್ಯ, ಹಳೆ ಋಣ ತೀರಿಸುತ್ತಿದ್ದಾರೆ ಎಂದವರು ಬಹಳ. ಒಂಬತ್ತು ರಾಜ್ಯಗಳ ಗತಿ ಒಬ್ಬರ ಪೆನ್ನಿನ ಮೊನೆಯ ಮೇಲೆ ನಿಂತಿತು. ಸಂಪುಟ ಪಟ್ಟು ಸಡಿಲಿಸಲಿಲ್ಲ. 42ನೇ ತಿದ್ದುಪಡಿಯ ಕಲಮು ಎದುರಿಗೇ ಇತ್ತು. ನಾಗರಿಕ ಹಕ್ಕುಗಳನ್ನು ಕಿತ್ತ ಆ ತಿದ್ದುಪಡಿಯನ್ನು ಒದ್ದೋಡಿಸುತ್ತೇವೆ ಎಂದು ಗೆದ್ದು ಬಂದ ಜನತಾ ಪಕ್ಷವೇ ಈಗ ಅದೇ ತಿದ್ದುಪಡಿಯ ನೆರಳಲ್ಲಿ ನಿಂತು ಸಹಿ ಕೇಳುತ್ತಿತ್ತು. ಏಪ್ರಿಲ್ 30ರಂದು ಜತ್ತಿಯವರು ಸಹಿ ಹಾಕಿದರು. ಒಂಬತ್ತು ವಿಧಾನಸಭೆಗಳೂ ಹೋದವು. ಜೂನ್‌ನಲ್ಲಿ ಚುನಾವಣೆ ನಡೆಯಿತು.

ಕಾನೂನು ಹಿಡಿದು ನೋಡಿದರೆ ಅವರು ತಡ ಮಾಡುವಂತಿರಲಿಲ್ಲ. ನೈತಿಕವಾಗಿ ನೋಡಿದರೂ 1973ರ ಒರಿಸ್ಸಾದ ಗವರ್ನರ್ 1977ರಲ್ಲಿ ವಿಧಾನಸಭೆಗಳ ಆಯುಷ್ಯದ ಬಗ್ಗೆ ಮರುಗುವುದು ಕೆಲವರಿಗೆ ನಗೆಪಾಟಲಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಬಾರದ ಧೈರ್ಯ ಜನತಾ ಸರ್ಕಾರ ಬಂದ ಮೇಲೆ ಎಲ್ಲಿಂದ ಬಂತು ಎಂದು ಕೇಳಿದವರ ಬಾಯಿ ಮುಚ್ಚಿಸುವುದೂ ಕಷ್ಟ.

ಆದರೆ ಅವರ ತಡದೊಳಗೆ ಇದ್ದ ಪ್ರಶ್ನೆ ಮಾತ್ರ ಪೊಳ್ಳಲ್ಲ. ಲೋಕಸಭೆಗೆ ಸೋತ ಪಕ್ಷ ವಿಧಾನಸಭೆಗೂ ಸೋತ ಹಾಗೆ ಲೆಕ್ಕವೇ? ಪುರಸಭೆಗೆ ಬೇರೆ ಮತ, ಪಾರ್ಲಿಮೆಂಟಿಗೆ ಬೇರೆ ಮತ ಹಾಕುವ ಬುದ್ಧಿ ಜನಕ್ಕಿಲ್ಲವೇ? ಇದನ್ನು ಒಂದು ರಾತ್ರಿ ಕೂತು ಯೋಚಿಸುವುದು ಅಪರಾಧವೇ? ಜನತಾದವರಿಗೂ ಉತ್ತರ ಬೇಗ ಸಿಕ್ಕಿತು. 1980ರ ಫೆಬ್ರವರಿಯಲ್ಲಿ, ದಿಲ್ಲಿಗೆ ಮರಳಿದ ಇಂದಿರಾ ಗಾಂಧಿ ಅದೇ ದಾರಿಯಲ್ಲಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಎಣಿಕೆ ಕೂಡ ತಪ್ಪಲಿಲ್ಲ, ಒಂಬತ್ತಕ್ಕೆ ಒಂಬತ್ತು. ಈ ಆಟಕ್ಕೆ ಕಡಿವಾಣ ಬಿದ್ದದ್ದು 1994ರ ಮಾರ್ಚ್ 11ರಂದು, ಮತ್ತೊಬ್ಬ ಕನ್ನಡಿಗ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿ. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, 356ನೇ ವಿಧಿಯ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು ಒಂಬತ್ತು ನ್ಯಾಯಾಧೀಶರ ಪೀಠ ಹೇಳಿತು.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು. ಜತ್ತಿಯವರು ಸದ್ದಿಲ್ಲದೆ ರಾಜ್ಯಸಭೆಯ ಪೀಠಕ್ಕೆ ಮರಳಿದರು. ಅವರು ಸಭಾಪತಿಯಾಗಿರುವಾಗಲೇ ಅಲ್ಲಿ 44ನೇ ತಿದ್ದುಪಡಿಯ ಚರ್ಚೆ ನಡೆದು ಪಾಸಾಯಿತು. ತುರ್ತು ಪರಿಸ್ಥಿತಿಯ ಅನೇಕ ಗಾಯಗಳಿಗೆ ಮದ್ದು ಹಚ್ಚಿದ ಆ ತಿದ್ದುಪಡಿಯಲ್ಲಿ ಮತ್ತೊಂದು ಸಣ್ಣ ಕಲಮು: ಸಂಪುಟದ ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಹಿಂದಕ್ಕೆ ಕಳಿಸಬಹುದು, ಎರಡನೇ ಸಲ ಬಂದರೆ ಸಹಿ ಹಾಕಲೇಬೇಕು. ಅಂದರೆ ಪುರಸಭೆಯ ಅಧ್ಯಕ್ಷರಿಗೆ ಇರುವ "ತಡೀರಿ" ಎಂಬ ಮಾತು ರಾಷ್ಟ್ರಪತಿಗೂ ಸಿಕ್ಕಿತು. ಆ ತಿದ್ದುಪಡಿಗೆ ಅಂಕಿತ ಬಿದ್ದ ತಾರೀಖು 1979ರ ಏಪ್ರಿಲ್ 30. ಜತ್ತಿಯವರು ಆ ಒಂಬತ್ತು ವಿಧಾನಸಭೆಗಳ ಕಡತಕ್ಕೆ ಸಹಿ ಹಾಕಿ ಅಂದಿಗೆ ಸರಿಯಾಗಿ ಎರಡು ವರ್ಷ!

ಅದೇ ಆಗಸ್ಟ್‌ನಲ್ಲಿ ಅವರ ಅವಧಿ ಮುಗಿಯಿತು. ಬೆಂಗಳೂರಿಗೆ ಬಂದು ಬಸವ ಸಮಿತಿಯ ಕೆಲಸ, ವಚನಗಳನ್ನು ಬೇರೆ ಭಾಷೆಗಳಿಗೆ ಮುಟ್ಟಿಸುವ ಕೆಲಸ ಹಿಡಿದುಕೊಂಡರು.

1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂದು ಕೇಂದ್ರ ಸಂಪುಟ ಕಳಿಸಿದ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಹಿಂದಕ್ಕೆ ಕಳಿಸಿದರು. ಸಂಪುಟ ಸುಮ್ಮನಾಯಿತು. ಮರುವರ್ಷ ಬಿಹಾರದ ಶಿಫಾರಸನ್ನೂ ಹಾಗೆಯೇ ಕಳಿಸಿದರು. ರಬ್ಬರ್ ಸ್ಟಾಂಪ್ ಅಲ್ಲದ ರಾಷ್ಟ್ರಪತಿ ಎಂದು ದೇಶವೆಲ್ಲ ಕೊಂಡಾಡಿತು. 1977ರಲ್ಲಿ ಒಂದು ದಿನದ ತಡಕ್ಕೆ ಬೈಸಿಕೊಂಡವರು ಆಗ ಬೆಂಗಳೂರಿನಲ್ಲೇ ಇದ್ದರು. ವಯಸ್ಸು 85. ಅವರ ಹೆಸರನ್ನು ಆ ಗದ್ದಲದಲ್ಲಿ ನೆನೆದವರು ಕಡಿಮೆ. 2002ರ ಜೂನ್ 7ರಂದು ಅವರು ತೀರಿಕೊಂಡರು.